ಬ್ಯಾಟಲ್‌ಟೆಕ್‌ನಲ್ಲಿ ದಾಳಿ: ದಾಳ ಎಸೆಯುವ ಮುಂಚಿನ ಲೆಕ್ಕಾಚಾರ

ಬ್ಯಾಟಲ್‌ಟೆಕ್ ಎಂಬ ಮೇಜಿನಾಟವನ್ನು ಹೊಸದಾಗಿ ಆಡುವವರ ಪಕ್ಕ ಕೂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಇವತ್ತು ನನಗೆ ಗರಾನೇ ಬೀಳ್ತಿಲ್ಲ." ಅವರು ಎಸೆಯುವ ಮುಂಚೆ ಎಷ್ಟು ಬೇಕು ಅಂತ ಕೇಳಿ ನೋಡಿ. ಹತ್ತು ಅನ್ನುತ್ತಾರೆ, ಮುಂದಿನ ಸಲ ಹನ್ನೊಂದು ಅನ್ನುತ್ತಾರೆ. ಎರಡು ದಾಳದಲ್ಲಿ ಹತ್ತೋ ಅದಕ್ಕಿಂತ ಮೇಲೋ ಬೀಳುವುದು ಆರು ಎಸೆತಕ್ಕೆ ಒಂದು ಸಲ. ಹನ್ನೊಂದು ಅಂದರೆ ಹನ್ನೆರಡಕ್ಕೆ ಒಂದು. ಐದಾರು ಸರದಿ ಹೀಗೇ ಎಸೆದರೆ ಎದುರಾಳಿಯ ಮೆಕ್ (ಯುದ್ಧಯಂತ್ರ) ಮೇಲೆ ಒಂದೆರಡು ಗೀರು ಬಿದ್ದಿರುತ್ತದೆ, ನಿಮ್ಮ ಮೆಕ್ ಮಾತ್ರ ಕಾದು ಕೆಂಡವಾಗಿರುತ್ತದೆ. ಇಲ್ಲಿ ದಾಳದ ತಪ್ಪೇನೂ ಇಲ್ಲ. ಕಾಯಿ ನಡೆಸುವಾಗಲೇ ದಾಳಿ ಕೆಟ್ಟಿತ್ತು.

ಈ ಲೇಖನ ಇರುವುದು ಅದಕ್ಕೇ. ನಿಮಗೆ ಬೇಕಾದ ಗರವನ್ನು ಏಳಕ್ಕೋ ಐದಕ್ಕೋ ಇಳಿಸಿ, ಎದುರಾಳಿಯ ಗರವನ್ನು ಒಂಬತ್ತು ಹತ್ತಕ್ಕೆ ಏರಿಸುವ ಜಾಗಕ್ಕೆ ಕಾಯಿಯನ್ನು ಒಯ್ಯುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು 1984ರಲ್ಲಿ ಅಮೆರಿಕದ ಶಿಕಾಗೋದ ಫಾಸಾ ಕಂಪನಿ 'ಬ್ಯಾಟಲ್‌ಡ್ರಾಯ್ಡ್ಸ್' ಎಂಬ ಹೆಸರಲ್ಲಿ ತಂದ ಆಟ. 'ಡ್ರಾಯ್ಡ್' ಪದದ ಮೇಲೆ ಲ್ಯೂಕಾಸ್‌ಫಿಲ್ಮ್ ಹಕ್ಕು ಸಾಧಿಸಿದ್ದರಿಂದ ಮರುವರ್ಷವೇ ಬ್ಯಾಟಲ್‌ಟೆಕ್ ಆಯಿತು. ಈಗ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್ ಪ್ರಕಟಿಸುತ್ತಿದೆ. 20 ಟನ್ನಿಂದ 100 ಟನ್ ತೂಗುವ, ಒಳಗೆ ಪೈಲಟ್ ಕೂತು ನಡೆಸುವ ದೈತ್ಯ ಯಂತ್ರಗಳು ಆರುಮೂಲೆ ಮನೆಗಳ ನಕ್ಷೆಯ ಮೇಲೆ ಕಾದಾಡುತ್ತವೆ. ಒಂದು ಮನೆ ಅಂದರೆ 30 ಮೀಟರ್, ಒಂದು ಸರದಿ ಅಂದರೆ 10 ಸೆಕೆಂಡ್. ಪ್ರತಿ ಮೆಕ್‌ಗೂ ಒಂದು ಹಾಳೆ ಇರುತ್ತದೆ. ತಲೆ, ಎದೆ, ಪಕ್ಕೆ, ಕೈ, ಕಾಲು ಎಂದು ಬಿಡಿಸಿದ ಕವಚದ ಚುಕ್ಕೆಗಳನ್ನು ಪೆಟ್ಟು ಬಿದ್ದ ಹಾಗೆ ಪೆನ್ಸಿಲ್‌ನಲ್ಲಿ ತುಂಬುತ್ತಾ ಹೋಗುತ್ತೀರಿ. ಹೆಕ್ಸ್ ಅನ್ನುವುದನ್ನು ನಾನು ಚೌಕಾಬಾರದಲ್ಲಿ ಹೇಳುವ ಹಾಗೆ 'ಮನೆ' ಅಂತಲೇ ಕರೆಯುತ್ತೇನೆ. ತಾಗಲು ಬೇಕಾದ ಸಂಖ್ಯೆಗೆ 'ಗರ' ಅನ್ನುತ್ತೇನೆ.

ಹಂತ 1: ಐದು ಅಂಕಿಗಳ ಕೂಡಿಕೆ ಬಾಯಿಪಾಠ ಆಗಲಿ

ಪ್ರತಿ ಗುಂಡಿಗೂ ಬೇಕಾದ ಗರ ಐದು ಅಂಕಿಗಳ ಮೊತ್ತ.

ಮೊದಲನೆಯದು ಪೈಲಟ್‌ನ ಗುರಿಕಾರಿಕೆ. ಸಾಮಾನ್ಯ ಪೈಲಟ್‌ಗೆ ಇದು 4.

ಎರಡನೆಯದು ನಿಮ್ಮ ನಡಿಗೆ: ನಿಂತಿದ್ದರೆ 0, ನಡೆದರೆ 1, ಓಡಿದರೆ 2, ಜಂಪ್ ಜೆಟ್‌ನಲ್ಲಿ ಹಾರಿದರೆ 3.

ಮೂರನೆಯದು ಗುರಿಯಾದ ಮೆಕ್ ಈ ಸರದಿಯಲ್ಲಿ ಎಷ್ಟು ಮನೆ ದಾಟಿದೆ ಅನ್ನುವುದು. ಎರಡರವರೆಗೆ 0, ಮೂರು ನಾಲ್ಕಕ್ಕೆ 1, ಐದು ಆರಕ್ಕೆ 2, ಏಳರಿಂದ ಒಂಬತ್ತಕ್ಕೆ 3, ಹತ್ತರಿಂದ ಹದಿನೇಳಕ್ಕೆ 4. ಹಾರಿದ್ದರೆ ಇನ್ನೊಂದು ಸೇರುತ್ತದೆ.

ನಾಲ್ಕನೆಯದು ಅಡ್ಡ ಬರುವ ಕಾಡು, ಮರೆ, ನಿಮ್ಮ ಮೆಕ್‌ನ ಬಿಸಿ ಇತ್ಯಾದಿ. ತೆಳು ಕಾಡಿನ ಒಂದು ಮನೆಗೆ 1, ದಟ್ಟ ಕಾಡಿಗೆ 2, ಗುರಿಯ ಕಾಲುಗಳು ಮರೆಯಾಗಿದ್ದರೆ 1.

ಐದನೆಯದು ದೂರ. ಆಯುಧದ ಹತ್ತಿರದ ವ್ಯಾಪ್ತಿಗೆ 0, ಮಧ್ಯಮಕ್ಕೆ 2, ದೂರಕ್ಕೆ 4.

ಇದರ ಜೊತೆಗೆ ಇನ್ನೊಂದು ಪಟ್ಟಿಯನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಐದು ಬೇಕಿದ್ದರೆ ನೂರಕ್ಕೆ 83 ಸಲ ತಾಗುತ್ತದೆ. ಆರಕ್ಕೆ 72, ಏಳಕ್ಕೆ 58, ಎಂಟಕ್ಕೆ 42, ಒಂಬತ್ತಕ್ಕೆ 28, ಹತ್ತಕ್ಕೆ 17. ಏಳರಿಂದ ಒಂಬತ್ತಕ್ಕೆ ಹೋದರೆ ತಾಗುವ ಸಂಭವ ಅರ್ಧಕ್ಕೆ ಇಳಿಯುತ್ತದೆ. ಎರಡು ಅಂಕಿ ಅಂದರೆ ಒಂದು ದಟ್ಟ ಕಾಡಿನ ಮನೆ, ಇಲ್ಲವೇ ಓಡಿದ ಮೆಕ್‌ಗೂ ನಿಂತ ಮೆಕ್‌ಗೂ ಇರುವ ವ್ಯತ್ಯಾಸ. ಈ ಆಟದಲ್ಲಿ ಒಂದೊಂದು ಅಂಕಿಗೂ ಇಷ್ಟು ಬೆಲೆ ಇರುವುದರಿಂದ, ಕಾಯಿ ಕೆಳಗಿಡುವ ಮುಂಚೆ ಎರಡು ಕೂಡಿಕೆ ಮಾಡಿ: ನನಗೆಷ್ಟು ಬೇಕು, ಅವನಿಗೆಷ್ಟು ಬೇಕು. ಇವೆರಡರ ಅಂತರವೇ ಆ ಸರದಿಯ ಲಾಭನಷ್ಟ.

ಹಂತ 2: ಅವನಿಗೆ ಆಗದ ದೂರವನ್ನು ಹುಡುಕಿ

ಇದನ್ನು ಒಂದು ಜೋಡಿ ಇಟ್ಟುಕೊಂಡು ನಿಧಾನವಾಗಿ ನೋಡೋಣ. ಎದುರಾಳಿಯ ಬಳಿ 80 ಟನ್ನಿನ ಆಸಮ್ ಎಂಬ ಮೆಕ್ ಇದೆ, ಎಡಬ್ಲ್ಯೂಎಸ್-8ಕ್ಯೂ ಮಾದರಿ. ಅದರಲ್ಲಿ ಮೂರು ಪಿಪಿಸಿ (ಕಣಕಿರಣದ ತೋಪು), ಒಂದೊಂದರ ಪೆಟ್ಟು 10, ಅಂದರೆ ಕವಚದ 10 ಚುಕ್ಕೆ. ನಿಮ್ಮ ಬಳಿ 50 ಟನ್ನಿನ ಹಂಚ್‌ಬ್ಯಾಕ್, ಎಚ್‌ಬಿಕೆ-4ಜಿ. ಅದರ ಭುಜದ ಮೇಲಿನ ಎಸಿ 20 ತೋಪು ಒಂದೇ ಪೆಟ್ಟಿಗೆ 20 ಕೊಡುತ್ತದೆ.

ಪಿಪಿಸಿಯ ವ್ಯಾಪ್ತಿ ಹತ್ತಿರ, ಮಧ್ಯಮ, ದೂರಕ್ಕೆ ಕ್ರಮವಾಗಿ 6, 12, 18 ಮನೆಯವರೆಗೆ. ಎಸಿ 20ರದ್ದು 3, 6, 9. ದೂರದಲ್ಲಿ ನಿಂತರೆ ಹಂಚ್‌ಬ್ಯಾಕ್ ಸುಮ್ಮನೆ ಏಟು ತಿನ್ನುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ "ಹಾಗಾದರೆ ಹತ್ತಿರ ಹೋಗು" ಅನ್ನುವುದೂ ಪೂರ್ತಿ ಸರಿಯಲ್ಲ. ಪಿಪಿಸಿಗೆ ಕನಿಷ್ಠ ದೂರ ಎಂಬುದೊಂದಿದೆ. ಮೂರು ಮನೆಯಲ್ಲಿ ಹೊಡೆದರೆ ಗರಕ್ಕೆ 1 ಸೇರುತ್ತದೆ, ಎರಡು ಮನೆಯಲ್ಲಿ 2, ಪಕ್ಕದ ಮನೆಯಲ್ಲೇ ಇದ್ದರೆ 3.

ಆಸಮ್ ನಿಂತಲ್ಲೇ ನಿಂತಿದೆ, ನಿಮ್ಮ ಹಂಚ್‌ಬ್ಯಾಕ್ ಬಯಲಲ್ಲಿ ನೇರವಾಗಿ ನಾಲ್ಕು ಮನೆ ನಡೆದು ಬಂದಿದೆ ಅಂದುಕೊಳ್ಳಿ. ಐದು ಮನೆ ದೂರದಲ್ಲಿ ನಿಂತರೆ ಅವನಿಗೆ ಬೇಕಾದದ್ದು 5, ನಿಮಗೆ 7. ಇದು ಹಂಚ್‌ಬ್ಯಾಕ್ ನಿಲ್ಲಬಾರದ ಜಾಗ, ಹೊಸಬರು ಹೆಚ್ಚಾಗಿ ಬಂದು ನಿಲ್ಲುವುದೂ ಇಲ್ಲೇ. ಮೂರು ಮನೆಯಲ್ಲಿ ಅವನಿಗೆ 6, ನಿಮಗೆ 5. ಎರಡು ಮನೆಯಲ್ಲಿ ಅವನಿಗೆ 7, ನಿಮಗೆ 5. ಪಕ್ಕದಲ್ಲೇ ನಿಂತರೆ ಅವನಿಗೆ 8, ನಿಮಗೆ ಅದೇ 5. ಆದರೆ ಪಕ್ಕದ ಮನೆಗೆ ಹೋದರೆ ಅವನು ಒದೆಯಬಹುದು. 80 ಟನ್ನಿನ ಒದೆ ಅಂದರೆ 16 ಪೆಟ್ಟು, ಅದಕ್ಕೆ ಅವನಿಗೆ ಬರೀ 4 ಗರ ಸಾಕು. ಅವನ ಮುಂದೆ ಹೋಗಿ ನಿಲ್ಲುವುದಾದರೆ ಎರಡು ಮನೆ ದೂರ ಒಳ್ಳೆಯದು. ಬೆನ್ನ ಹಿಂದೆ ಹೋಗಲು ಆಗುವುದಾದರೆ ಅಂಟಿಕೊಂಡೇ ನಿಲ್ಲಿ, ಹಿಂದಕ್ಕೆ ಒದೆಯಲು ಬರುವುದಿಲ್ಲ.

ಎರಡು ಕಾಯಿಗಳ ನಡುವೆ ಒಂದು ಮನೆ ಹೆಚ್ಚುಕಮ್ಮಿಯಾದರೆ ಇಡೀ ಸರದಿಯ ತೂಕ ಬದಲಾಗುತ್ತದೆ. ನನಗೆ ಈ ಆಟದ ಹುಚ್ಚು ಹಿಡಿದದ್ದು ಈ ಲೆಕ್ಕ ಮೊದಲ ಸಲ ಅರ್ಥವಾದ ದಿನ.

ಎಲ್‌ಆರ್‌ಎಂ ಎಂಬ ದೂರದ ಕ್ಷಿಪಣಿ ಹೊತ್ತ ಆರ್ಚರ್, ಕ್ಯಾಟಪಲ್ಟ್ ಮೆಕ್‌ಗಳ ಮೇಲೆ ಇದೇ ಉಪಾಯ ಇನ್ನೂ ಚೆನ್ನಾಗಿ ನಡೆಯುತ್ತದೆ. ಎಲ್‌ಆರ್‌ಎಂನ ಕನಿಷ್ಠ ದೂರ 6. ಮೈಮೇಲೆ ಹೋಗಿ ನಿಂತರೆ ಆ ಕ್ಷಿಪಣಿಗಳಿಗೆ ಗರ ಆರು ಅಂಕಿ ಏರುತ್ತದೆ.

ಅಷ್ಟು ಹತ್ತಿರ ತಲುಪುವ ತನಕ ಬದುಕಿರುವುದು ಹೇಗೆ? ಬಯಲು ದಾಟಬೇಡಿ. ನಡುವೆ ಬರುವ ಕಾಡಿನ ತೂಕ ಮೂರಾದರೆ, ಅಂದರೆ ತೆಳು ಕಾಡು ಮೂರು ಮನೆ ಅಥವಾ ಒಂದು ದಟ್ಟ ಒಂದು ತೆಳು ಸೇರಿದರೆ, ನೋಟವೇ ಕಡಿದುಹೋಗುತ್ತದೆ. ನೆಲಮಟ್ಟದಲ್ಲಿರುವ ಮೆಕ್‌ಗಳ ನಡುವೆ ಎರಡು ಹಂತ ಎತ್ತರದ ಗುಡ್ಡ ಬಂದರೂ ಅಷ್ಟೇ. ಅಂಥ ಮರೆಯಿಂದ ಮರೆಗೆ ಹೋಗಿ, ಕೊನೆಯ ಒಂದೇ ಓಟದಲ್ಲಿ ಮೇಲೆ ಬೀಳುವಷ್ಟು ದೂರದಲ್ಲಿ ಕಾಯಿರಿ. ಹಂಚ್‌ಬ್ಯಾಕ್‌ಗೆ ಆ ಓಟ ಆರು ಮನೆ.

ಹಂತ 3: ಮೊದಲು ಯಾವ ಕಾಯಿ, ಕೊನೆಗೆ ಯಾವ ಕಾಯಿ

ಪ್ರತಿ ಸರದಿಯ ಶುರುವಿನಲ್ಲಿ ಇಬ್ಬರೂ ಎರಡೆರಡು ದಾಳ ಎಸೆಯುತ್ತಾರೆ. ಸೋತವನು ಮೊದಲ ಕಾಯಿ ನಡೆಸುತ್ತಾನೆ, ಗೆದ್ದವನು ಒಂದು, ಸೋತವನು ಒಂದು, ಹೀಗೆ. ಕೊನೆಯ ಕಾಯಿ ಗೆದ್ದವನದು. ಎದುರಾಳಿಯ ಎಲ್ಲ ಕಾಯಿಗಳೂ ನಿಂತಮೇಲೆ ನಡೆಸುವ ಆ ಒಂದು ನಡೆಗೆ ಸಮನಾದ ಆಯುಧ ಈ ಆಟದಲ್ಲಿ ಇಲ್ಲ. ಹುಲಿ ಎಲ್ಲಿ ಕೂತಿದೆ ಎಂದು ನೋಡಿಕೊಂಡು ಆಡು ಇಟ್ಟ ಹಾಗೆ ಅದು.

ಹಾಗಾಗಿ ನಾಲ್ಕು ಮೆಕ್‌ಗಳ ತಂಡವಿದ್ದರೆ ನಡೆಸುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಗುಡ್ಡದ ಹಿಂದೆ ಕೂತು ಕ್ಷಿಪಣಿ ಬಿಡುವ ಕ್ಯಾಟಪಲ್ಟ್‌ನಂಥದ್ದು ಮೊದಲು. ಅದು ಎಲ್ಲಿಗೆ ಹೋದರೂ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಎದುರಾಳಿಗೆ ಗೊತ್ತಾಗುವುದಿಲ್ಲ. ಆಮೇಲೆ, ಹೇಗಿದ್ದರೂ ಅಲ್ಲೇ ನಿಲ್ಲಬೇಕಾದ ಭಾರದ ಮೆಕ್. ಕೊನೆಗೆ, ಬೆನ್ನಿಗೆ ಹೋಗುವ ವೇಗದ ಕಾಯಿ, ಜೆನ್ನರ್ ಥರದ್ದು. ನಾನು ಶುರುವಿನಲ್ಲಿ ಇದನ್ನು ತಿರುಗುಮುರುಗು ಮಾಡುತ್ತಿದ್ದೆ. ಜೆನ್ನರ್ ಓಡಿಸುವ ಉತ್ಸಾಹಕ್ಕೆ ಅದನ್ನೇ ಮೊದಲು ಓಡಿಸಿ, ಎದುರಾಳಿಯ ಅಟ್ಲಾಸ್‌ನ ಬೆನ್ನಿಗೆ ನಿಲ್ಲಿಸಿದೆ. ಅವನು ಅಟ್ಲಾಸನ್ನು ನಿಂತಲ್ಲೇ ತಿರುಗಿಸಿದ. ಬೆನ್ನು ಇದ್ದ ಕಡೆ ಎಸಿ 20 ಬಂತು. 35 ಟನ್ನಿನ ಜೆನ್ನರ್ ಆ ಸರದಿಯಲ್ಲೇ ಎರಡು ತುಂಡಾಯಿತು. ಬೆನ್ನಿಗೆ ಹೋಗುವ ಕಾಯಿಯನ್ನು ಗುರಿಗಿಂತ ಮೊದಲು ನಡೆಸಲೇಬಾರದು.

ಹಾಗಾದರೆ ಸೋತ ಸರದಿಯಲ್ಲಿ ಏನು ಮಾಡಬೇಕು? ದಾಳಿಯನ್ನು ಮುಂದೂಡಿ. ಬೆನ್ನಿಗೆ ಗುಡ್ಡವನ್ನೋ ನಕ್ಷೆಯ ಅಂಚನ್ನೋ ಕೊಟ್ಟು, ಕಾಡಿನೊಳಗೆ, ಮುಂದಿನ ಸಲ ಗೆದ್ದರೆ ಮೇಲೆ ಬೀಳುವಷ್ಟು ಹತ್ತಿರದಲ್ಲಿ ನಿಲ್ಲಿ. ಪ್ರತಿ ನಡೆಯ ಕೊನೆಗೆ ನನ್ನಷ್ಟಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಮುಂದಿನ ಸರದಿಯ ಎಸೆತದಲ್ಲಿ ಸೋತರೂ ಈ ಮೆಕ್ ಇಲ್ಲಿ ಉಳಿಯುತ್ತದಾ, ಗೆದ್ದರೆ ಇಲ್ಲಿಂದ ಹೊಡೆಯಲು ಆಗುತ್ತದಾ? ಎರಡಕ್ಕೂ ಹೌದು ಅನ್ನುವ ಮನೆ ಸಿಕ್ಕರೆ ಅದನ್ನು ಬಿಡಬೇಡಿ.

ಅಗ್ಗದ ಚಿಕ್ಕ ಮೆಕ್‌ಗಳಿಗೆ ಇಲ್ಲೊಂದು ಕೆಲಸ ಇದೆ. ಮೆಕ್‌ನ ಬಲ ಅಳೆಯುವ ಬ್ಯಾಟಲ್ ವ್ಯಾಲ್ಯೂ ಲೆಕ್ಕದಲ್ಲಿ ಅಟ್ಲಾಸ್ ಎಎಸ್7-ಡಿ 1897 ಆದರೆ ಲೋಕಸ್ಟ್ ಎಲ್‌ಸಿಟಿ-1ವಿ ಬರೀ 432. ತಂಡದಲ್ಲಿ ಒಂದು ಲೋಕಸ್ಟ್ ಇದ್ದರೆ ಮೊದಲ ನಡೆಯನ್ನು ಅದರ ತಲೆಗೆ ಕಟ್ಟಿ, ಮುಖ್ಯ ಕಾಯಿಯನ್ನು ಕೊನೆಗೆ ಉಳಿಸಿಕೊಳ್ಳಬಹುದು.

ಹಂತ 4: ಬೆನ್ನು, ಅದು ಸಿಗದಿದ್ದರೆ ಒಂದೇ ಪಕ್ಕ

ಬೆನ್ನಿನ ಕವಚ ಎಲ್ಲ ಮೆಕ್‌ಗಳಲ್ಲೂ ತೆಳು. ಅಟ್ಲಾಸ್‌ನ ಎದೆಯ ಮುಂದೆ 47 ಚುಕ್ಕೆ, ಹಿಂದೆ 14. ಹಂಚ್‌ಬ್ಯಾಕ್‌ನದ್ದು ಇನ್ನೂ ಕಷ್ಟ: ಮುಂದೆ 26, ಹಿಂದೆ 5. ಒಂದು ಮೀಡಿಯಂ ಲೇಸರ್ ಬಿದ್ದರೆ ಆ ಕವಚ ಮುಗಿಯಿತು, ಎರಡನೆಯದು ಬಿದ್ದರೆ ಎಂಜಿನ್ ಇರುವ ಜಾಗಕ್ಕೇ ಹೋಗುತ್ತದೆ.

ಪೆಟ್ಟು ಯಾವ ಕಡೆಯಿಂದ ಬಿತ್ತು ಎಂದು ನೋಡುವುದು ಕಾಲು ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ. ಎದುರಾಳಿ ಹೊಡೆಯುವ ಮುಂಚೆ ಸೊಂಟ ತಿರುಗಿಸಿ ಒಂದು ಬದಿಗೆ ಗುರಿ ಇಡಬಹುದು. ಆದರೆ ಸೊಂಟ ತಿರುಗಿತು ಎಂದು ಬೆನ್ನು ಮರೆಯಾಗುವುದಿಲ್ಲ. ಇದು ಗೊತ್ತಿಲ್ಲದೆ "ನಾನು ತಿರುಗಿದೀನಲ್ಲ" ಎಂದು ವಾದ ಮಾಡುವವರನ್ನು ಬಹಳ ನೋಡಿದ್ದೇನೆ.

ಬೆನ್ನು ಸಿಗುವುದು ಅಪರೂಪ. ಒಳ್ಳೆಯ ಆಟಗಾರ ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಆಗ ಪಕ್ಕಕ್ಕೆ ಹೋಗಿ, ಪ್ರತಿ ಸರದಿಯೂ ಅದೇ ಪಕ್ಕಕ್ಕೆ. ಎಡಗಡೆಯಿಂದ ಹೊಡೆದರೆ ಪೆಟ್ಟು ಬೀಳುವ ಪಟ್ಟಿಯಲ್ಲಿ 36ರಲ್ಲಿ 21 ಸಲ ಎಡಗೈ, ಎಡ ಪಕ್ಕೆ, ಎಡಗಾಲಿಗೇ ಬರುತ್ತದೆ. ಮುಂದಿನಿಂದ ಹೊಡೆದರೆ ಅದೇ ಪೆಟ್ಟುಗಳು ಎರಡೂ ಕಡೆ ಹರಡಿ ವ್ಯರ್ಥವಾಗುತ್ತವೆ.

ಯಾವ ಪಕ್ಕ ಅನ್ನುವುದನ್ನು ಎದುರಾಳಿಯ ಹಾಳೆ ನೋಡಿ ಗೊತ್ತುಮಾಡಿ. ಅದು ಗುಟ್ಟಿನ ಮಾಹಿತಿ ಏನಲ್ಲ. ನಮ್ಮ ಆಸಮ್‌ಗೇ ಬನ್ನಿ. ಅದರ ಮೂರು ಪಿಪಿಸಿಗಳಲ್ಲಿ ಒಂದು ಬಲಗೈಯಲ್ಲಿ, ಒಂದು ಬಲ ಪಕ್ಕೆಯಲ್ಲಿ, ಒಂದು ಎಡ ಪಕ್ಕೆಯಲ್ಲಿ. ಪಕ್ಕೆ ಪೂರ್ತಿ ನಾಶವಾದರೆ ಆ ಕಡೆಯ ಕೈಯೂ ಕಳಚಿ ಬೀಳುತ್ತದೆ. ಬಲ ಪಕ್ಕೆಗೆ ಮುಂದುಗಡೆ ಕವಚ 24, ಒಳಗಿನ ಚೌಕಟ್ಟು 17, ಒಟ್ಟು 41. ಎಸಿ 20ರ ಎರಡು ಪೆಟ್ಟು, ಒಂದು ಮೀಡಿಯಂ ಲೇಸರ್ ಅಲ್ಲಿ ಕೂಡಿಬಿದ್ದರೆ ಮೂರರಲ್ಲಿ ಎರಡು ಪಿಪಿಸಿ ಒಟ್ಟಿಗೆ ಹೋದ ಹಾಗೆ. ಎಡಗಡೆಯಿಂದ ಅಷ್ಟೇ ಕಷ್ಟಪಟ್ಟರೆ ಒಂದೇ ಹೋಗುತ್ತದೆ. ಆಸಮ್ ಎದುರು ಬಂದಾಗ ನಾನು ನಕ್ಷೆಯನ್ನು ನೋಡುವುದೇ ಅದರ ಬಲಗಡೆಗೆ ಹೋಗಲು ದಾರಿ ಎಲ್ಲಿದೆ ಎಂದು.

ಹಂತ 5: ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟಿ

ಈ ಗಾದೆಯನ್ನು ಬ್ಯಾಟಲ್‌ಟೆಕ್ ಆಡುವ ಎಲ್ಲರೂ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು. ನಾಲ್ಕು ಮೆಕ್‌ಗಳು ನಾಲ್ಕು ಗುರಿಗಳಿಗೆ ಹೊಡೆದರೆ ಸರದಿಯ ಕೊನೆಗೆ ಎದುರಾಳಿಯ ನಾಲ್ಕೂ ಮೆಕ್‌ಗಳು ತಿರುಗಿ ಹೊಡೆಯುತ್ತವೆ. ಅರ್ಧ ಕವಚ ಹೋದ ಮೆಕ್‌ನ ಗುಂಡಿಗೂ ಹೊಸ ಮೆಕ್‌ನ ಗುಂಡಿಗೂ ಪೆಟ್ಟಿನಲ್ಲಿ ವ್ಯತ್ಯಾಸ ಇಲ್ಲ. ಒಂದೇ ಮೆಕ್ ತನ್ನ ಗುಂಡುಗಳನ್ನು ಎರಡು ಗುರಿಗೆ ಹಂಚಿದರೆ ಎರಡನೆಯದಕ್ಕೆ ಗರ ಬೇರೆ ಏರುತ್ತದೆ.

ಯಾರಿಗೆ ಮೊದಲು? ನನ್ನ ಉತ್ತರ: ಹೆಚ್ಚು ಕಚ್ಚುವ, ಕಡಿಮೆ ತಡೆಯುವ ಮೆಕ್‌ಗೆ. ಅಟ್ಲಾಸ್ ಮತ್ತು ಹಂಚ್‌ಬ್ಯಾಕ್ ಎರಡೂ ಹತ್ತಿರ ಬಂದಿದ್ದರೆ ಎರಡರಲ್ಲೂ ಎಸಿ 20 ಇದೆ. ಅಟ್ಲಾಸ್‌ನ ಒಟ್ಟು ಕವಚ 304, ಹಂಚ್‌ಬ್ಯಾಕ್‌ನದ್ದು 160. ಅಟ್ಲಾಸ್‌ನ ಭಯಕ್ಕೆ ಎಲ್ಲರೂ ಅದಕ್ಕೇ ಹೊಡೆಯುತ್ತಾ ಕೂತರೆ ಹಂಚ್‌ಬ್ಯಾಕ್ ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತದೆ.

ಗುಂಡು ಎಣಿಸುವ ಕ್ರಮವೂ ಮುಖ್ಯ. ಯಾರು ಯಾರಿಗೆ ಏನೇನು ಹಾರಿಸುತ್ತಾರೆ ಎಂದು ಮೊದಲೇ ಹೇಳಿಬಿಡಬೇಕು, ಆದರೆ ದಾಳ ಎಸೆಯುವಾಗ ದೊಡ್ಡ ಆಯುಧ ಮೊದಲು ಎಸೆಯಿರಿ: ಎಸಿ 20, ಪಿಪಿಸಿ. ಅವು ಕವಚದಲ್ಲಿ ತೂತು ಮಾಡಲಿ. ಆಮೇಲೆ ಎಸ್‌ಆರ್‌ಎಂ (ಹತ್ತಿರದ ಕ್ಷಿಪಣಿ), ಮಷೀನ್‌ಗನ್. ಎಸ್‌ಆರ್‌ಎಂ 6 ತಾಗಿದರೆ ಒಂದೊಂದು ಕ್ಷಿಪಣಿಯೂ ಬೇರೆ ಬೇರೆ ಜಾಗಕ್ಕೆ 2 ಪೆಟ್ಟು ಕೊಡುತ್ತದೆ, ಸಾಮಾನ್ಯವಾಗಿ ನಾಲ್ಕು ಕ್ಷಿಪಣಿ ತಾಗುತ್ತವೆ. ಕವಚ ಗಟ್ಟಿ ಇದ್ದಾಗ ಅದು ಸೊಳ್ಳೆ ಕಚ್ಚಿದ ಹಾಗೆ. ತೂತು ಬಿದ್ದಮೇಲೆ ಅದೇ ಎರಡು ಪೆಟ್ಟು ಒಳಗಿನ ಚೌಕಟ್ಟಿಗೆ ಬಿದ್ದು, ಇನ್ನೊಂದು ಎಸೆತದಲ್ಲಿ ಎಂಟು ಅಥವಾ ಮೇಲೆ ಬಿದ್ದರೆ ಒಳಗಿನ ಯಾವುದೋ ಭಾಗ ಕೆಡುತ್ತದೆ. ಎಂಜಿನ್‌ಗೆ ಮೂರು ಅಂಥ ಪೆಟ್ಟು ಬಿದ್ದರೆ ಮೆಕ್ ಸತ್ತ ಹಾಗೆ. ಸಮತೋಲ ಕಾಯುವ ಜೈರೋಗೆ ಎರಡು ಬಿದ್ದರೆ ನಿಲ್ಲಲಾರದು. ಮದ್ದಿನ ಪೆಟ್ಟಿಗೆಗೆ ಒಂದು ಬಿದ್ದರೂ ಸಾಕು.

ಹಂತ 6: ಬಿಸಿಯನ್ನು ದುಡ್ಡಿನ ಹಾಗೆ ಖರ್ಚು ಮಾಡಿ

ಮರೋಡರ್ ಎಂಎಡಿ-3ಆರ್ ಎಂಬ ಮೆಕ್ ತೆಗೆದುಕೊಳ್ಳಿ. ಎರಡು ಪಿಪಿಸಿ ಹಾರಿಸಿದ್ದಕ್ಕೆ 20 ಬಿಸಿ, ಎರಡು ಮೀಡಿಯಂ ಲೇಸರ್‌ಗೆ 6, ಎಸಿ 5ಕ್ಕೆ 1, ನಡೆದದ್ದಕ್ಕೆ 1. ಒಟ್ಟು 28. ಅದರ ಹೀಟ್ ಸಿಂಕ್‌ಗಳು ಇಳಿಸುವುದು 16. ಉಳಿದ 12 ಮುಂದಿನ ಸರದಿಗೆ ಸಾಲವಾಗಿ ಬರುತ್ತದೆ: ಹೊಡೆಯಲು ಗರ 1 ಏರುತ್ತದೆ, ನಡೆಯಲು ಎರಡು ಮನೆ ಕಡಿಮೆ. ನಾಲ್ಕು ನಡೆಯುವ ಮರೋಡರ್ ಎರಡೇ ನಡೆಯುತ್ತದೆ, ಅಂದರೆ ಅದಕ್ಕೆ ಹೊಡೆಯುವವನಿಗೂ ಸುಲಭ. ಬಿಸಿ 14 ಮುಟ್ಟಿದರೆ ಮೆಕ್ ತಾನೇ ಆಫ್ ಆಗುವ ಭಯ, 19 ಮುಟ್ಟಿದರೆ ಮದ್ದು ಸಿಡಿಯುವ ಭಯ.

ಐದು ಆರು ಗರ ಸಾಕು ಅನ್ನುವಾಗ, ಅದರಲ್ಲೂ ಬೆನ್ನು ಸಿಕ್ಕಾಗ, ಈ ಸಾಲ ಮಾಡಬಹುದು, ಮಾಡಲೇಬೇಕು. ಹತ್ತು ಬೇಕು ಅನ್ನುವಾಗ ಎರಡು ಪಿಪಿಸಿ ಹಾರಿಸಿದರೆ 20 ಬಿಸಿಗೆ ಸರಾಸರಿ ಸಿಗುವುದು ಮೂರು ಚಿಲ್ಲರೆ ಪೆಟ್ಟು. ಅಂಥ ಸರದಿಯಲ್ಲಿ ಹಾರಿಸದೆ ತಣ್ಣಗಾಗಿ. ಎಸಿ 20ಕ್ಕೂ ಇದೇ ಮಾತು: ಅದರ ಒಂದು ಟನ್ ಮದ್ದಿಗೆ ಐದೇ ಗುಂಡು.

ಆಸಮ್‌ನ ಗಟ್ಟಿತನ ಇರುವುದು ಇಲ್ಲೇ. ಮೂರೂ ಪಿಪಿಸಿಗೆ 30 ಬಿಸಿ, ಅದರ ಹೀಟ್ ಸಿಂಕ್ 28. ನಿಂತಲ್ಲೇ ನಿಂತು ಹಾರಿಸಿದರೆ ಎರಡೇ ಉಳಿಯುತ್ತದೆ. ಅದು ಸುಸ್ತಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹೋಗಿ ಮೇಲೆ ಬೀಳಬೇಕು.

ಹಂತ 7: ಒದೆಯುವುದನ್ನು ಮರೆಯಬೇಡಿ

ಗುಂಡಿನ ಹಂತ ಮುಗಿದಮೇಲೆ ಕೈಕಾಲಿನ ಹಂತ ಬರುತ್ತದೆ. ಎಷ್ಟೋ ಜನ ಅಲ್ಲಿಗೆ ಬರುವಷ್ಟರಲ್ಲಿ ಮುಂದಿನ ಸರದಿಯ ಯೋಚನೆಯಲ್ಲಿರುತ್ತಾರೆ. ಒದೆಗೆ ಬಿಸಿ ಇಲ್ಲ, ಮದ್ದು ಬೇಡ, ಮೆಕ್‌ನ ತೂಕದ ಐದನೇ ಒಂದು ಭಾಗ ಪೆಟ್ಟು. ಗರ ಬಹಳ ಕಡಿಮೆ: ಪೈಲಟ್‌ನ ಚಾಲನೆಯ ಅಂಕಿ ಸಾಮಾನ್ಯವಾಗಿ 5, ಅದರಲ್ಲಿ 2 ಕಳೆಯಿರಿ, ನಿಮ್ಮ ನಡಿಗೆ ಮತ್ತು ಗುರಿಯ ಓಟದ ಅಂಕಿ ಕೂಡಿಸಿ. ನಡೆದು ಬಂದ ಹಂಚ್‌ಬ್ಯಾಕ್ ನಿಂತ ಆಸಮ್‌ಗೆ ಒದೆಯಲು 4 ಸಾಕು.

ಸಮತಟ್ಟಿನಲ್ಲಿ ಒದೆ ಬೀಳುವುದು ಕಾಲಿಗೇ. ಗದಾಯುದ್ಧದ ಕಥೆ ಕೇಳಿ ಬೆಳೆದ ನಮಗೆ ತೊಡೆ ಮುರಿದರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಒದೆ ತಾಗಿದೊಡನೆ ಎದುರಾಳಿ ಬೀಳದೆ ನಿಲ್ಲಲು ದಾಳ ಎಸೆಯಬೇಕು. ಬಿದ್ದರೆ ಬಿದ್ದ ಪೆಟ್ಟು ಬೇರೆ, ಪೈಲಟ್‌ಗೂ ಗಾಯವಾಗಬಹುದು. ಅದಕ್ಕಿಂತ ದೊಡ್ಡ ಲಾಭ ಮುಂದಿನ ಸರದಿಯಲ್ಲಿದೆ. ಏಳಲು ಎರಡು ನಡೆ ಖರ್ಚಾಗುತ್ತದೆ. ಮೂರೇ ನಡೆಯ ಆಸಮ್ ಎದ್ದಮೇಲೆ ನಡೆಯಲು ಒಂದು ಮನೆ ಉಳಿಯುತ್ತದೆ, ಓಡಿದರೂ ಮೂರು. ಅದು ಎಲ್ಲೂ ಹೋಗಲಾರದು, ನಿಮ್ಮ ಗರ ಕೆಳಗೇ ಇರುತ್ತದೆ.

20 ಟನ್ನಿನ ಲೋಕಸ್ಟ್‌ನ ಒದೆಗೆ ಬರೀ 4 ಪೆಟ್ಟು. ಆದರೂ 100 ಟನ್ನಿನ ಅಟ್ಲಾಸ್ ಕೂಡ ಆ ಒದೆಗೆ ಬೀಳದಿರಲು ದಾಳ ಎಸೆಯಲೇಬೇಕು. ಇನ್ನೊಂದು ಉಪಾಯ ಹೇಳುತ್ತೇನೆ, ಇದನ್ನು ಒಂದು ಸಲ ಮಾಡಿದರೆ ಮರೆಯುವುದಿಲ್ಲ. ಒಂದು ಹಂತ ಎತ್ತರದ ದಿಬ್ಬದ ಮೇಲೆ ನಿಂತು ಕೆಳಗಿನ ಮೆಕ್‌ಗೆ ಒದ್ದರೆ ಪೆಟ್ಟು ಗುದ್ದಿನ ಪಟ್ಟಿಯ ಪ್ರಕಾರ ಬೀಳುತ್ತದೆ, ಅದರಲ್ಲಿ ಆರಕ್ಕೆ ಒಂದು ಸಲ ತಲೆ. ತಲೆಗೆ ಕವಚ ಹೆಚ್ಚೆಂದರೆ 9, ಒಳಗೆ 3, ಒಟ್ಟು 12. 65 ಟನ್ನಿನ ಥಂಡರ್‌ಬೋಲ್ಟ್‌ನ ಒದೆ 13. ಎದುರಾಳಿ ಎಷ್ಟೇ ದೊಡ್ಡವನಾಗಿರಲಿ, ತಲೆಗೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಒದೆ ತಪ್ಪಿದರೆ ಬೀಳದಿರಲು ನೀವು ದಾಳ ಎಸೆಯಬೇಕಾಗುತ್ತದೆ, ಅದು ನೆನಪಿರಲಿ. ಓಡಿ ಬಂದು, ಓಡುತ್ತಿರುವ ಗುರಿಗೆ ಒದೆಯುವ ಮುಂಚೆ ಲೆಕ್ಕ ಹಾಕಿ.

ಹಂತ 8: ಹೀಗೆ ಅಭ್ಯಾಸ ಮಾಡಿ

ಓದಿದ್ದು ಕೈಗೆ ಬರಬೇಕಾದರೆ ಚಿಕ್ಕ ಆಟ ಆಡಬೇಕು. ನಾನು ಹೊಸಬರಿಗೆ ಕೊಡುವ ಜೋಡಿ ಇದು: ಒಂದು ಕಡೆ ಆಸಮ್ ಒಂದೇ, ಅದರ ಬ್ಯಾಟಲ್ ವ್ಯಾಲ್ಯೂ 1605. ಇನ್ನೊಂದು ಕಡೆ ಹಂಚ್‌ಬ್ಯಾಕ್ 1041, ಲೋಕಸ್ಟ್ 432, ಕೂಡಿದರೆ 1473. ಹೆಚ್ಚುಕಮ್ಮಿ ಸಮ. ಕಾಡು ಮತ್ತು ಗುಡ್ಡ ಇರುವ ಒಂದೇ ನಕ್ಷೆ ಹಾಸಿ, ಎರಡು ತುದಿಯಿಂದ ಶುರುಮಾಡಿ. ಆಟದ ಪೆಟ್ಟಿಗೆ ಕೊಂಡಿಲ್ಲದವರು ಕಂಪ್ಯೂಟರಿನಲ್ಲಿ ಮೆಗಾಮೆಕ್ ಹಾಕಿಕೊಳ್ಳಬಹುದು, ಅದು ಉಚಿತ. ಬೇರೆ ಊರಿನಲ್ಲಿರುವ ಗೆಳೆಯರ ಜೊತೆಗೂ ಆಡಬಹುದು. ಗರದ ಕೂಡಿಕೆಯನ್ನು ಅದೇ ಮಾಡಿ ತೋರಿಸುತ್ತದೆ, ಆದರೂ ಶುರುವಿನಲ್ಲಿ ನೀವೇ ಬಾಯಲ್ಲಿ ಕೂಡಿಸಿ ಆಮೇಲೆ ಪರದೆ ನೋಡಿ.

ಎರಡು ಕಾಯಿ ಹಿಡಿದವರು ನೀವಾಗಿ. ಸರದಿಯ ಎಸೆತ ಸೋತಾಗ ಲೋಕಸ್ಟ್ ದೂರದಲ್ಲೇ ಹತ್ತು ಮನೆಗೂ ಹೆಚ್ಚು ಓಡುತ್ತಿರಲಿ, ಹಂಚ್‌ಬ್ಯಾಕ್ ಮರೆಯಲ್ಲಿರಲಿ. ಹತ್ತು ಮನೆ ಓಡಿದ ಲೋಕಸ್ಟ್‌ಗೆ ಹೊಡೆಯಲು ನಡೆದು ಬಂದ ಆಸಮ್‌ಗೆ ಮಧ್ಯಮ ದೂರದಲ್ಲಿ 11 ಬೇಕು, ಹಾರಿಸಿಕೊಳ್ಳಲಿ ಬಿಡಿ. ಎಸೆತ ಗೆದ್ದಾಗ ಲೋಕಸ್ಟನ್ನು ಬೆನ್ನಿಗೆ ಅಂಟಿಸಿ, ಹಂಚ್‌ಬ್ಯಾಕನ್ನು ಬಲ ಪಕ್ಕೆಯ ಕಡೆ ಎರಡು ಮನೆ ದೂರಕ್ಕೆ ತನ್ನಿ. ತೋಪು ಮೊದಲು, ಲೇಸರ್ ಆಮೇಲೆ, ಕೊನೆಗೆ ಲೋಕಸ್ಟ್‌ನ ಒದೆ. ನಾಲ್ಕೈದು ಸಲ ಹೀಗೆ ಆಡಿದಮೇಲೆ ಜಾಗ ಬದಲಿಸಿ, ಆಸಮ್ ನೀವು ಹಿಡಿಯಿರಿ. ಹಂಚ್‌ಬ್ಯಾಕ್‌ನಿಂದ ಐದು ಮನೆಯ ದೂರ ಕಾಯ್ದುಕೊಂಡು ಹಿಂದಕ್ಕೆ ಹೆಜ್ಜೆ ಇಡುತ್ತಾ, ಬಲಗಡೆಗೆ ಗುಡ್ಡವನ್ನು ಇಟ್ಟುಕೊಂಡು ಎಷ್ಟು ಸರದಿ ತಡೆಯುತ್ತೀರಿ ನೋಡಿ.